ಇಂಗ್ಲಿಷಿನಲ್ಲಿ ಇಮ್ಮಡಿ ತರತಮ

ಬಿಳಿಕೆರೆ, ಹುಣಸೂರು ಸೀಮೆಯ ಮಗುವಿನ ಮನೆಮಾತಿನಲ್ಲಿ ಹೋಲಿಕೆಗಾಗಿ ಗುಣವಾಚಕವು ರೂಪ ಬದಲಿಸದು. ‘ಅದಕ್ಕಿಂತ ಇದು ಒಳ್ಳೆಯದು’ ಎಂದರೆ ಮಾತು ಪೂರ್ಣ. ಒತ್ತಿ ಹೇಳಲು ‘ಇನ್ನೂ ಒಳ್ಳೆಯದು’ ಎನ್ನುವುದುಂಟು. ಆ ‘ಇನ್ನೂ’ ಎಂಬುದೇ ಇಂಗ್ಲಿಷ್ ತರಗತಿಯಲ್ಲಿ ‘ಮೋರ್’ ಆಗಿ ‘ಮೋರ್ ಬೆಟರ್’ ಹುಟ್ಟುತ್ತದೆ. ಕೆಂಪು ಶಾಯಿ ಬೀಳುತ್ತದೆ. ತಿದ್ದಬೇಕಾದುದು ನಿಜ, ಆದರೆ ಅದು ದಡ್ಡತನದ ಗುರುತಲ್ಲ.

ಪ್ರಾಚೀನ ಇಂಗ್ಲಿಷಿನಲ್ಲಿ ತರತಮವನ್ನು ಮುಖ್ಯವಾಗಿ ಪ್ರತ್ಯಯವೇ ಸೂಚಿಸುತ್ತಿತ್ತು. ‘ಮೋರ್’, ‘ಮೋಸ್ಟ್’ಗಳನ್ನು ಮುಂದಿಡುವ ಕ್ರಮವು ಮಧ್ಯಕಾಲದಲ್ಲಿ ಬೆಳೆಯಿತು. ಹಳೆಯದು ತೊಲಗದೆ ಹೊಸದು ಬಂದುದರಿಂದ ಎರಡೂ ಒಂದೇ ಪದಕ್ಕೆ ಸೇರಿಕೊಂಡವು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿಯ ಭಾಷಣದಲ್ಲಿಯೇ ಇಂತಹ ಇಮ್ಮಡಿ ರೂಪವಿದೆ. ಅಂದು ಅದು ಒತ್ತು, ದೋಷವಲ್ಲ. 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಇದನ್ನು ಅಸಾಧುವೆಂದನು. ಆದರೂ ಕೆಲವು ಉಳಿದುಕೊಂಡಿವೆ: ‘ಲೆಸ್’ಗೆ ಪ್ರತ್ಯಯ ಹತ್ತಿ ‘ಲೆಸರ್’, ‘ನಿಯರ್’ ತಾನೇ ‘ನೈ’ ಎಂಬುದರ ತರರೂಪವಾಗಿದ್ದರೂ ಮತ್ತೆ ‘ನಿಯರರ್’.

ನಮ್ಮಲ್ಲಿಯೂ ಇದಿಲ್ಲದಿಲ್ಲ. ಸಂಸ್ಕೃತದ ‘ಉತ್ತಮ’ದಲ್ಲಿಯೇ ‘ತಮ’ ಅಡಗಿದೆ. ‘ಮೋರ್ ಬೆಟರ್’ ತಿದ್ದಿದ ಪುಟದಡಿಯಲ್ಲಿಯೇ ಉಪಾಧ್ಯಾಯರು ‘ಅತ್ಯುತ್ತಮ’ ಎಂದು ಷರಾ ಬರೆಯುವುದುಂಟು.