ಕಂತು ಅಷ್ಟೇ ಇದೆ, ಸರಿ. ಎಷ್ಟು ಕಂತು ಉಳಿದಿದೆ?

ಚನ್ನಪಟ್ಟಣದ ಗೊಂಬೆ ಕೆಲಸದವರೊಬ್ಬರು ಗಡಿ ತಕರಾರಿಗೆಂದು ವಕೀಲನಾದ ನನ್ನ ಬಳಿ ಬಂದಿದ್ದರು. ಉಗುರಿನ ಸಂದಿಯಲ್ಲಿ ಹಳದಿ ಅರಗು ಇನ್ನೂ ಹೋಗಿರಲಿಲ್ಲ. ಮಾತಿನ ನಡುವೆ, "ಬಡ್ಡಿ ಏರಿತು ಅಂತ ಎಲ್ರೂ ಬಾಯಿ ಬಡ್ಕೊಂಡ್ರು ಸಾರ್, ನಮ್ ಮನೆ ಸಾಲದ ಕಂತು ಒಂದು ರೂಪಾಯಿನೂ ಏರ್ಲಿಲ್ಲ" ಅಂದರು. ಅನುಮಾನ ಬಂತು. ಸ್ಟೇಟ್‌ಮೆಂಟ್ ತರಿಸಿದೆ. ಕೊನೆಯ ಕಂತಿನ ತಾರೀಕು ವರ್ಷಗಟ್ಟಲೆ ಮುಂದಕ್ಕೆ ಹೋಗಿತ್ತು.

ರಿಸರ್ವ್ ಬ್ಯಾಂಕು (ಆರ್‌ಬಿಐ) ಬ್ಯಾಂಕುಗಳಿಗೆ ಸಾಲ ಕೊಡುವ ದರವೇ ರೆಪೊ. ಅದಕ್ಕೆ ಜೋಡಿಸಿದ ಮನೆ ಸಾಲದ ಬಡ್ಡಿ ಅದರ ಜೊತೆಗೇ ಏರಿಳಿಯುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ಅದು ಶೇ 4ರಿಂದ 6.5ಕ್ಕೆ ಏರಿತು. ಲೆಕ್ಕ ನೋಡಿ: 10 ಲಕ್ಷ ಸಾಲ, 15 ವರ್ಷ, ಶೇ 7 ಬಡ್ಡಿ, ಕಂತು ಸುಮಾರು 8,988. ಒಂದು ವರ್ಷ ಕಟ್ಟಿದ ಮೇಲೆ 168 ಕಂತು ಉಳಿಯುತ್ತದೆ. ಆಗ ಬಡ್ಡಿ 9.5 ಆಗಿ ಕಂತು ಅಷ್ಟೇ ಇದ್ದರೆ, ಉಳಿಯುವುದು ಸುಮಾರು 238! ಹೆಚ್ಚುವರಿ 70 ಕಂತು, ಆರು ಲಕ್ಷಕ್ಕೂ ಮೇಲೆ. ಗೋಡೆ ಕಟ್ಟಿದವನಿಗೇ ಗೊತ್ತಾಗದಂತೆ ಮನೆಗೆ ಇನ್ನೊಂದು ಅಂತಸ್ತಿನ ದುಡ್ಡು.

2023ರ ಆಗಸ್ಟ್ 18ರ ಆರ್‌ಬಿಐ ಸುತ್ತೋಲೆ ಇದಕ್ಕೇ ಬಂದದ್ದು. ಬಡ್ಡಿ ಏರಿದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡೂ ಸೇರಿಸಬೇಕೋ ಎಂಬುದನ್ನು ಬ್ಯಾಂಕು ಸಾಲಗಾರನನ್ನೇ ಕೇಳಬೇಕು. ಮೂರು ತಿಂಗಳಿಗೊಮ್ಮೆ ಕಟ್ಟಿದ ಅಸಲು-ಬಡ್ಡಿ, ಉಳಿದ ಕಂತುಗಳ ಸಂಖ್ಯೆ, ಬಡ್ಡಿ ದರ ತಿಳಿಸಬೇಕು. ಕೌಂಟರಿನಲ್ಲಿ ಕೇಳಿದರೆ "ಸಿಸ್ಟಂ ತಾನಾಗೇ ಮಾಡುತ್ತೆ" ಎನ್ನುತ್ತಾರೆ. ಸಿಸ್ಟಂಗೆ ಸಹಿ ಹಾಕಿದ್ದು ಯಾರು ಸ್ವಾಮಿ?

ಆಮೇಲೆ ಉಲ್ಟಾ ಕಾಲ ಬಂತು. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ 6.5ರಿಂದ 5.25ಕ್ಕೆ ಇಳಿಯಿತು. ಆ ಲಾಭ ನಿಮಗೆ ಬಂತೇ? ಮಂಜೂರಾತಿ ಪತ್ರ ತೆಗೆಯಿರಿ. ರೆಪೊ ಅಥವಾ ಇಬಿಎಲ್‌ಆರ್ (ರೆಪೊದಂಥ ಹೊರಗಿನ ದರಕ್ಕೆ ಜೋಡಿಸಿದ ಬಡ್ಡಿ) ಎಂದಿದ್ದರೆ ಮೂರು ತಿಂಗಳೊಳಗೆ ದರ ಇಳಿಯಬೇಕು. 2019ರ ಅಕ್ಟೋಬರ್ 1ರಿಂದ ಬ್ಯಾಂಕು ಕೊಟ್ಟ, ಬಡ್ಡಿ ಏರಿಳಿಯುವ ಹೊಸ ಮನೆ ಸಾಲಕ್ಕೆ ಇದೇ ನಿಯಮ. ಅದಕ್ಕೂ ಹಳೆಯದು, ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ (ಬ್ಯಾಂಕೇ ಲೆಕ್ಕ ಹಾಕುವ ದರ) ಎಂದಿದ್ದರೆ ರೆಪೊ ಇಳಿಕೆ ನೇರವಾಗಿ ಬರುವುದಿಲ್ಲ, ಬದಲಿಸಿಕೊಡಿ ಎಂದು ಅರ್ಜಿ ಕೊಡಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ರೆಪೊಗೆ ಜೋಡಿಸುವ ಈ ನಿಯಮವೇ ಇಲ್ಲ, ದರ ಅವರದ್ದು. ಸೊಸೈಟಿಯ ಬೆಳೆ ಸಾಲ, ಸಂಘದ ಮೈಕ್ರೋಫೈನಾನ್ಸ್ ಸಾಲಕ್ಕೆ ರೆಪೊ ಏರಿದರೂ ಇಳಿದರೂ ಸಾಮಾನ್ಯವಾಗಿ ಸಂಬಂಧವಿಲ್ಲ. ಹಾಗಾಗಿ ಕನಕಪುರ, ಮಾಗಡಿಯ ಸಂತೆಯಲ್ಲಿ "ಆರ್‌ಬಿಐ ಬಡ್ಡಿ ಇಳಿಸಿದೆ, ನಿಮ್ಮ ಸಂಘದ ಕಂತೂ ಇಳಿಸಿಕೊಡ್ತೀನಿ" ಎನ್ನುವವನಿಗೆ ಚಹಾ ಕೂಡ ಕೊಡಿಸಬೇಡಿ.

"ಬೇರೆ ಬ್ಯಾಂಕಿಗೆ ವರ್ಗಾಯಿಸಿಕೊಡ್ತೀವಿ" ಎನ್ನುವ ಏಜೆಂಟರೂ ಇದ್ದಾರೆ. ದರ ಕಡಿಮೆಯಿರಬಹುದು. ಆದರೆ ಪ್ರೊಸೆಸಿಂಗ್ ಶುಲ್ಕ, ಮನೆ ಪತ್ರ ಒತ್ತೆಯ ಸ್ಟ್ಯಾಂಪ್ ಖರ್ಚು ಮತ್ತೆ ಬೀಳಬಹುದು, ಅವಧಿಯನ್ನೂ ಮತ್ತೆ ಮೊದಲಿಂದ ಎಳೆಯಬಹುದು.

ಬ್ಯಾಂಕಿಗೆ ಕೊಡುವ ಅರ್ಜಿ ಕನ್ನಡದಲ್ಲೇ ಇರಲಿ. ಎರಡು ಪ್ರತಿ, ಒಂದರ ಮೇಲೆ ಸೀಲು, ತಾರೀಕು. "ಇಟ್ಟು ಹೋಗಿ" ಎಂದರೆ ಇಡಬೇಡಿ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು. ಶುಲ್ಕವಿಲ್ಲ, ಮಾಹಿತಿಗೆ 14448ಕ್ಕೆ ಕರೆ ಮಾಡಿ. ಹೌಸಿಂಗ್ ಫೈನಾನ್ಸ್ ಕಂಪನಿ ಮೇಲಿನ ದೂರು ಮಾತ್ರ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ. ಇನ್ನೊಂದು, ನನ್ನ ಹೊಟ್ಟೆಗೇ ಕಲ್ಲು ಹಾಕುವ ಮಾತು: ಒಂಬುಡ್ಸ್‌ಮನ್‌ಗೆ ಕೊಡುವ ದೂರನ್ನು ವಕೀಲರ ಮೂಲಕ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ಆ ಗೊಂಬೆ ಕೆಲಸದವರೇ ಬರೆದರು. ನಾನು ಬರೀ ಕಾಗುಣಿತ ನೋಡಿದೆ.