ವ್ಯಾಕರಣವೂ ಪ್ರತಿರೋಧವೂ: ಫ್ರೆಂಚ್ ಆಕ್ರಮಣ ಕಾಲದ ಈಜಿಪ್ಟ್ ಮತ್ತು ಜಬರ್ತಿಯ ಮೂರು ವೃತ್ತಾಂತಗಳು

ವಸಾಹತುಶಾಹಿಯನ್ನು ಕುರಿತ ಕನ್ನಡದ ಚರ್ಚೆಗಳಲ್ಲಿ ವ್ಯಾಕರಣ, ನಿಘಂಟು, ಜನಗಣತಿ, ಭೂಪಟಗಳು ಬಹುಮಟ್ಟಿಗೆ ಆಳುವವರ ಉಪಕರಣಗಳೆಂದೇ ಪರಿಗಣಿತವಾಗಿವೆ. ಬರ್ನಾರ್ಡ್ ಕೋನ್ ಅವರು ಭಾರತದ ಸಂದರ್ಭದಲ್ಲಿ ವಿವರಿಸಿದ ಹಾಗೆ, ಆಳಬೇಕಾದ ಜನರ ಭಾಷೆಯನ್ನು ಕಲಿತು ಅದಕ್ಕೆ ವ್ಯಾಕರಣ ರಚಿಸುವುದು ಆಜ್ಞಾಪಿಸುವ ಅಧಿಕಾರವನ್ನು ಪಡೆಯುವ ಕ್ರಮವೇ ಆಗಿತ್ತು. 1817ರಲ್ಲಿ ಪ್ರಕಟವಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣವನ್ನೂ ಈ ನೆಲೆಯಿಂದ ಓದಲು ಸಾಧ್ಯ. ಆದರೆ ವ್ಯಾಕರಣಶಾಸ್ತ್ರ ಆಕ್ರಮಣಕ್ಕೆ ಒಳಗಾದವರ ಕೈಯಲ್ಲಿಯೇ ಇದ್ದು, ಆಕ್ರಮಣಕಾರನ ಮೊದಲ ಮಾತನ್ನೇ ಅವರು ಅದರ ಒರೆಗೆ ಹಚ್ಚಿದ ಸಂದರ್ಭವೂ ಚರಿತ್ರೆಯಲ್ಲಿದೆ. 1798ರಲ್ಲಿ ನೆಪೋಲಿಯನ್ ಬೋನಪಾರ್ಟೆ ಈಜಿಪ್ಟಿನ ಮೇಲೆ ದಂಡೆತ್ತಿ ಬಂದಾಗ ಕೈರೋ ನಗರದ ವಿದ್ವಾಂಸ ಅಬ್ದುಲ್ ರಹಮಾನ್ ಅಲ್-ಜಬರ್ತಿ (1753–1825) ಮಾಡಿದ್ದು ಇದನ್ನೇ. ಆಫ್ರಿಕಾ ಮತ್ತು ಮುಸ್ಲಿಂ ನಾಡುಗಳ ಮೇಲೆ ಯುರೋಪು ನಡೆಸಿದ ಆಕ್ರಮಣಗಳಿಗೆ ಸ್ಥಳೀಯರು ತೋರಿದ ಪ್ರತಿಕ್ರಿಯೆಯನ್ನು ಕತ್ತಿ ಹಿಡಿದವರು, ತಲೆಬಾಗಿದವರು ಎಂಬ ಎರಡೇ ಪಂಗಡಗಳಲ್ಲಿ ಅಡಕಗೊಳಿಸುವುದು ಎಷ್ಟು ಅಸಮರ್ಪಕ ಎಂಬುದನ್ನು ಆತನ ಮೂರು ವೃತ್ತಾಂತಗಳು ಮನಗಾಣಿಸುತ್ತವೆ.

ಈ ದಂಡಯಾತ್ರೆ ಕನ್ನಡ ವಿಮರ್ಶೆಗೆ ಹೆಚ್ಚಾಗಿ ಪರಿಚಿತವಾಗಿರುವುದು ಎಡ್ವರ್ಡ್ ಸಯೀದ್ ಅವರ ‘ಓರಿಯೆಂಟಲಿಸಂ’ (1978) ಕೃತಿಯ ಮೂಲಕ. ಸೈನ್ಯದೊಂದಿಗೆ ಬಂದ ಸುಮಾರು 150 ಮಂದಿ ವಿದ್ವಾಂಸರು, ಅವರಿಗಾಗಿ 1798ರ ಆಗಸ್ಟಿನಲ್ಲಿ ಕೈರೋದಲ್ಲಿ ಸ್ಥಾಪಿತವಾದ ಈಜಿಪ್ಟ್ ಸಂಸ್ಥೆ, 1809ರಿಂದ ಪ್ರಕಟವಾಗತೊಡಗಿದ ‘ಈಜಿಪ್ಟಿನ ವರ್ಣನೆ’ಯ ಬೃಹತ್ ಸಂಪುಟಗಳು, ಇವೆಲ್ಲ ಜ್ಞಾನ ಮತ್ತು ಅಧಿಕಾರಗಳ ಕೂಡಾವಳಿಗೆ ಅಲ್ಲಿ ಪ್ರಮುಖ ನಿದರ್ಶನಗಳಾಗಿವೆ. ಸಯೀದ್ ಜಬರ್ತಿಯನ್ನು ಹೆಸರಿಸದೆ ಬಿಟ್ಟಿಲ್ಲ. ಆದರೆ ಅವರ ವಾದದ ಭಾರ ಬಿದ್ದಿರುವುದು ಫ್ರೆಂಚ್ ಗ್ರಂಥಗಳ ಮೇಲೆ. ಆ ಕೃತಿಯನ್ನಷ್ಟೇ ನೆಚ್ಚಿದ ಓದಿನಲ್ಲಿ ಈಜಿಪ್ಟ್ ಇತರರು ನೋಡಿ ವರ್ಣಿಸುವ ವಸ್ತುವಾಗಿಯೇ ಉಳಿಯುತ್ತದೆ. ಸಾಮ್ರಾಜ್ಯಶಾಹಿಯನ್ನು ಖಂಡಿಸುವ ಬರಹ ಕೂಡ ಸಾಮ್ರಾಜ್ಯದ ಕಡತಗಳಿಗೇ ಕಿವಿಗೊಡುವ ವಿಪರ್ಯಾಸವಿದು.

1

ಜಬರ್ತಿಯ ಪೂರ್ವಿಕರು ಪೂರ್ವ ಆಫ್ರಿಕಾದ ಜೈಲಾ ಪ್ರದೇಶದಿಂದ ಬಂದವರು. ಆ ಭಾಗದ ವಿದ್ಯಾರ್ಥಿಗಳಿಗಾಗಿ ಅಲ್-ಅಝರ್ ವಿದ್ಯಾಕೇಂದ್ರದಲ್ಲಿ ಇದ್ದ ವಸತಿಯ ಮೇಲ್ವಿಚಾರಣೆ ಅವರ ಮನೆತನಕ್ಕೆ ಸೇರಿತ್ತು. ತಂದೆ ಹಸನ್ ಅಲ್-ಜಬರ್ತಿ ಗಣಿತ ಮತ್ತು ಖಗೋಳಶಾಸ್ತ್ರಗಳಲ್ಲಿ ಹೆಸರಾದವನು. 18ನೆಯ ಶತಮಾನದ ನಡುಭಾಗದಲ್ಲಿ ಯುರೋಪಿನ ಕೆಲವು ವಿದ್ಯಾರ್ಥಿಗಳು ತಂದೆಯ ಬಳಿ ರೇಖಾಗಣಿತ ಕಲಿತು ಆ ವಿದ್ಯೆಯನ್ನು ತಮ್ಮ ನಾಡಿಗೆ ಕೊಂಡೊಯ್ದರೆಂದು ಮಗ ದಾಖಲಿಸುತ್ತಾನೆ. ಫ್ರೆಂಚರು ಬಂದಿಳಿದಾಗ ಜಬರ್ತಿಗೆ ಇದ್ದ ಆತ್ಮವಿಶ್ವಾಸದ ಮೂಲ ಇಲ್ಲಿದೆ. ಪಶ್ಚಿಮದ ಮುಂದೆ ತಾನು ಹಿಂದುಳಿದವನು ಎಂಬ ಭಾವನೆ ಆತನಲ್ಲಿ ಮೊಳೆತಿರಲಿಲ್ಲ.

ಫ್ರೆಂಚ್ ಸೈನ್ಯ 1798ರ ಜುಲೈ ಮೊದಲ ವಾರದಲ್ಲಿ ಅಲೆಕ್ಸಾಂಡ್ರಿಯಾವನ್ನು ವಶಪಡಿಸಿಕೊಂಡಿತು. ಜುಲೈ 21ರಂದು ಪಿರಮಿಡ್ಡುಗಳ ಕದನದಲ್ಲಿ ಮಮ್ಲೂಕರನ್ನು ಸೋಲಿಸಿ ಕೈರೋ ಪ್ರವೇಶಿಸಿತು. ಇದಕ್ಕೆ ಮೊದಲೇ ಅರಬ್ಬೀ ಭಾಷೆಯಲ್ಲಿ ಮುದ್ರಿತವಾದ ಘೋಷಣಾಪತ್ರವೊಂದು ಜನರ ಕೈಸೇರಿತ್ತು. ಫ್ರೆಂಚರು ಇಸ್ಲಾಮಿನ ಮಿತ್ರರು, ಪೋಪನ ಪೀಠವನ್ನೇ ಉರುಳಿಸಿದವರು, ಆಟೋಮನ್ ಸುಲ್ತಾನನ ಹಿತೈಷಿಗಳು, ಮಮ್ಲೂಕರ ದಬ್ಬಾಳಿಕೆಯಿಂದ ಈಜಿಪ್ಟನ್ನು ಬಿಡಿಸಲು ಬಂದವರು ಎಂಬುದು ಅದರ ಸಾರ. ಬೋನಪಾರ್ಟೆಯ ಮುಖ್ಯ ದುಭಾಷಿ ವೆಂಚೂರ್ ದ ಪರಾದಿ ಪೂರ್ವದೇಶಗಳಲ್ಲಿ ದಶಕಗಳ ಅನುಭವವಿದ್ದ ಭಾಷಾಪಂಡಿತ. ಅಂಥವನ ನೇತೃತ್ವದಲ್ಲಿದ್ದ ಭಾಷಾಂತರ ವಿಭಾಗ ಹೊರಡಿಸಿದ ಪತ್ರವದು.

ಆಕ್ರಮಣದ ಮೊದಲ ಏಳು ತಿಂಗಳನ್ನು ಕುರಿತ ತನ್ನ ಮೊದಲ ವೃತ್ತಾಂತದಲ್ಲಿ ಜಬರ್ತಿ ಈ ಪತ್ರವನ್ನು ಪೂರ್ತಿಯಾಗಿ ಉದ್ಧರಿಸಿ, ಬಳಿಕ ಒಂದು ಶಾಸ್ತ್ರಗ್ರಂಥಕ್ಕೆ ಟೀಕೆ ಬರೆಯುವ ಕ್ರಮದಲ್ಲಿಯೇ ಅದನ್ನು ಪದಪದವಾಗಿ ಬಿಡಿಸುತ್ತಾನೆ. ಒಂದೆಡೆ ‘ಆದ್ದರಿಂದ’ ಎಂಬರ್ಥದ ಅವ್ಯಯಕ್ಕೆ ಕಾರಣವೇ ಇಲ್ಲ ಎನ್ನುತ್ತಾನೆ. ಇನ್ನೊಂದೆಡೆ ಬಳಕೆಯಾದ ಕ್ರಿಯಾಪದ ಬೀದಿಯ ಆಡುಮಾತಿನದೆಂದೂ ಶಿಷ್ಟ ಅರಬ್ಬಿಯಲ್ಲಿ ಅದು ಸಲ್ಲದೆಂದೂ ತೋರಿಸುತ್ತಾನೆ. ಮಮ್ಲೂಕರಿಗಿಂತ ಹೆಚ್ಚಾಗಿ ತಾನು ದೇವರನ್ನು ಆರಾಧಿಸುವೆನೆಂದು ಬೋನಪಾರ್ಟೆ ಹೇಳಿಕೊಳ್ಳುವ ವಾಕ್ಯದ ಅನ್ವಯವೇ ಕೆಟ್ಟಿರುವುದನ್ನು ಎತ್ತಿ, ಅದನ್ನು ಹೇಳಿದವನ ಬುದ್ಧಿವಿಕಲ್ಪಕ್ಕೆ ಸಾಕ್ಷಿಯಾಗಿ ನಿಲ್ಲಿಸುತ್ತಾನೆ.

ಇದನ್ನು ಪಂಡಿತನೊಬ್ಬನ ಒಣ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅಲ್-ಅಝರಿನ ವಿದ್ಯಾಕ್ರಮದಲ್ಲಿ ವ್ಯಾಕರಣವು ಧರ್ಮಶಾಸ್ತ್ರಗಳಿಗೆಲ್ಲ ಪ್ರವೇಶದ್ವಾರ. ಕುರಾನಿನ ಅರ್ಥನಿರ್ಣಯವಾಗಲಿ ನ್ಯಾಯನಿರ್ಣಯವಾಗಲಿ ಭಾಷಾಶುದ್ಧಿಯನ್ನು ಬಿಟ್ಟು ನಡೆಯುವುದಿಲ್ಲ. ಆದುದರಿಂದ ಅರಬ್ಬೀ ಬಾರದವನಿಗೆ ಇಸ್ಲಾಮಿನ ಹೆಸರಿನಲ್ಲಿ ಮಾತನಾಡುವ ಅಧಿಕಾರವೇ ಇಲ್ಲ. ವಾಕ್ಯದೋಷವನ್ನು ತೋರಿಸುವ ಮೂಲಕ ಜಬರ್ತಿ ಕಳಚುವುದು ಈ ಅಧಿಕಾರವನ್ನು. ವ್ಯಾಕರಣದಿಂದ ತತ್ತ್ವಕ್ಕೆ ಆತ ಸಾಗುವ ಹಾದಿಯೂ ಇದೇ. ಪತ್ರದ ಆರಂಭದಲ್ಲಿ ದೇವರು ಒಬ್ಬನೇ, ಆತನಿಗೆ ಪುತ್ರನಿಲ್ಲ ಎಂಬ ಮಾತುಗಳಿವೆ. ಇವು ಮುಸಲ್ಮಾನರಿಗೆ ಒಪ್ಪಿಗೆಯಾಗುವಂತೆ ತೋರಿದರೂ ಪ್ರವಾದಿಯ ಸಾಕ್ಷ್ಯವಚನ ಅಲ್ಲಿಲ್ಲ. ತ್ರಿತ್ವವನ್ನು ಬಿಟ್ಟು, ಪಾದ್ರಿಗಳನ್ನು ಕೊಂದು, ಚರ್ಚುಗಳನ್ನು ಕೆಡವಿದವರು ಕ್ರೈಸ್ತರೂ ಅಲ್ಲ. ಎಲ್ಲ ಮತಗಳೊಂದಿಗೂ ಸಮ್ಮತಿ ತೋರಿಸಿ ಯಾವ ಮತಕ್ಕೂ ಸೇರದವರು ಇವರು ಎಂಬ ತೀರ್ಮಾನಕ್ಕೆ ಜಬರ್ತಿ ಬರುತ್ತಾನೆ. ಕ್ರಾಂತಿಯ ನಂತರದ ಫ್ರಾನ್ಸನ್ನು ಹಳೆಯ ಧರ್ಮಯುದ್ಧಗಳ ಚೌಕಟ್ಟಿನಲ್ಲಿ ನೋಡದೆ, ಮತದ ಹಂಗಿಲ್ಲದ ಹೊಸದೊಂದು ಪ್ರಭುತ್ವವೆಂದು ಇಷ್ಟು ಬೇಗನೆ ಗುರುತಿಸಿದ್ದು ಸಣ್ಣ ಸಂಗತಿಯಲ್ಲ.

ಈ ಟೀಕೆಯ ಮಿತಿಯೂ ಅದರೊಳಗೇ ಇದೆ. ಮನುಷ್ಯರೆಲ್ಲ ದೇವರ ದೃಷ್ಟಿಯಲ್ಲಿ ಸಮಾನರೆಂಬ ಪತ್ರದ ಮಾತನ್ನು ಜಬರ್ತಿ ಸುಳ್ಳೆಂದೂ ಮೂರ್ಖತನವೆಂದೂ ಜರೆಯುತ್ತಾನೆ; ದೇವರೇ ಕೆಲವರನ್ನು ಕೆಲವರಿಗಿಂತ ಮೇಲಿಟ್ಟಿರುವಾಗ ಸಮಾನತೆ ಎಲ್ಲಿಯದು ಎಂಬುದು ಆತನ ಪ್ರಶ್ನೆ. ಶುದ್ಧ ಭಾಷೆ ಮತ್ತು ಆಡುಮಾತುಗಳ ನಡುವಿನ ಶ್ರೇಣಿಯನ್ನು ಕಾಯುವ ದೃಷ್ಟಿ ಸಮಾಜದ ಶ್ರೇಣಿಯನ್ನೂ ಕಾಯುತ್ತದೆ. ಪ್ರತಿರೋಧವೆಂಬುದೆಲ್ಲ ವಿಮೋಚನೆಯ ಕಡೆಗೇ ಮುಖಮಾಡಿರಬೇಕೆಂದು ನಿರೀಕ್ಷಿಸುವ ಓದು ಇಲ್ಲಿ ತೊಡಕಿಗೆ ಸಿಲುಕುತ್ತದೆ.

2

ಮುಸ್ಲಿಂ ನಾಡುಗಳ ಪ್ರತಿಕ್ರಿಯೆ ಎಂಬ ಒಂದೇ ಸಂಗತಿ ಆಗಲೂ ಇರಲಿಲ್ಲ. ಬೋನಪಾರ್ಟೆಯ ವಿರುದ್ಧ ಯುದ್ಧ ಸಾರಿದ ಆಟೋಮನ್ ಸುಲ್ತಾನ ಮೂರನೆಯ ಸೆಲೀಮ್, 1798ರ ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದು ಫ್ರೆಂಚರ ಸ್ನೇಹವನ್ನು ಬಿಡುವಂತೆ ಕೋರಿದನು. ಈ ಪತ್ರವನ್ನು ಟಿಪ್ಪುವಿಗೆ ಮುಟ್ಟಿಸಿದವರು ಇಂಗ್ಲಿಷರು. 1799ರ ಜನವರಿಯಲ್ಲಿ ಬೋನಪಾರ್ಟೆ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ ಮಾತ್ರ ಅವರ ಕೈಗೆ ಸಿಕ್ಕಿ ಮೈಸೂರನ್ನು ತಲುಪಲೇ ಇಲ್ಲ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಕೈರೋದಲ್ಲಿ ಆಕ್ರಮಣಕಾರನಾಗಿದ್ದವನು ಕಾವೇರಿ ತೀರದಲ್ಲಿ ಮಿತ್ರನಾಗಬಲ್ಲವನಾಗಿದ್ದ. ಯಾವ ಯುರೋಪು ಬಾಗಿಲಿಗೆ ಬಂದು ನಿಂತಿದೆ ಎಂಬುದರ ಮೇಲೆ ಆಯಾ ನಾಡಿನ ಉತ್ತರ ನಿರ್ಧಾರವಾಗುತ್ತಿತ್ತು.

ಕೈರೋದ ಒಳಗೇ ಉತ್ತರಗಳು ಹಲವಾಗಿದ್ದವು. 1798ರ ಅಕ್ಟೋಬರ್ 21ರಂದು ನಗರದ ಜನ ದಂಗೆಯೆದ್ದರು. ಫ್ರೆಂಚರು ಫಿರಂಗಿ ಹಾರಿಸಿ ದಂಗೆಯನ್ನು ಅಡಗಿಸಿ, ಅಲ್-ಅಝರ್ ಮಸೀದಿಯೊಳಗೆ ಕುದುರೆಗಳನ್ನು ಕಟ್ಟಿದರು, ಗ್ರಂಥಗಳನ್ನು ತುಳಿದರು. ಈ ಭಾಗವನ್ನು ಬರೆಯುವಾಗ ಜಬರ್ತಿಯ ಗದ್ಯದಲ್ಲಿ ನೋವು ಎದ್ದು ಕಾಣುತ್ತದೆ. ಆದರೆ ದಂಗೆಯೆದ್ದ ಸಾಮಾನ್ಯರ ಬಗೆಗೆ ಆತನಿಗಿರುವುದು ತಿರಸ್ಕಾರವೇ. ಮುಂದಾಲೋಚನೆಯಿಲ್ಲದ ಗುಂಪು ನಗರಕ್ಕೆ ವಿಪತ್ತು ತಂದಿತೆಂದು ಆತ ಭಾವಿಸುತ್ತಾನೆ. ಶಸ್ತ್ರ ಹಿಡಿದ ಜನರಿಗೂ ಲೇಖನಿ ಹಿಡಿದ ವಿದ್ವಾಂಸನಿಗೂ ನಡುವೆ ಹೀಗೆ ಬಿರುಕಿತ್ತು. ಜಬರ್ತಿಯ ಗೆಳೆಯ ಹಸನ್ ಅಲ್-ಅತ್ತಾರನದು ಮತ್ತೊಂದು ಹಾದಿ. ಮೊದಲು ದಕ್ಷಿಣ ಈಜಿಪ್ಟಿಗೆ ಓಡಿಹೋಗಿದ್ದ ಆತ ಹಿಂದಿರುಗಿ ಫ್ರೆಂಚ್ ವಿದ್ವಾಂಸರಿಗೆ ಅರಬ್ಬೀ ಕಲಿಸಿದ; ಅರಬ್ಬೀ ಸಾಹಿತ್ಯದಲ್ಲಿ ಅವರಿಗಿದ್ದ ಆಸಕ್ತಿಗೆ ಮಾರುಹೋಗಿ ‘ಮಕಾಮ’ ಎಂಬ ಪ್ರಾಚೀನ ಗದ್ಯಪ್ರಕಾರದಲ್ಲಿ ಆ ಒಡನಾಟವನ್ನು ನಿರೂಪಿಸಿದ. ಫ್ರೆಂಚರ ಅರಬ್ಬಿಯಲ್ಲಿ ಒಬ್ಬನಿಗೆ ದೋಷಗಳು ಕಂಡರೆ ಇನ್ನೊಬ್ಬನಿಗೆ ಒಲವು ಕಂಡಿತು.

3

ಹಾಗೆಂದು ಜಬರ್ತಿ ಕಣ್ಣುಮುಚ್ಚಿ ಕುಳಿತವನಲ್ಲ. ಫ್ರೆಂಚರ ಗ್ರಂಥಾಲಯಕ್ಕೆ ಆತ ಹಲವು ಬಾರಿ ಹೋದ. ಸಚಿತ್ರ ಗ್ರಂಥಗಳನ್ನು, ಅವರ ಭಾಷೆಗೆ ಅನುವಾದಗೊಂಡ ಕುರಾನನ್ನು, ರಾಸಾಯನಿಕ ಪ್ರಯೋಗಗಳನ್ನು, ಮುಟ್ಟಿದರೆ ಮೈ ನಡುಗಿಸುವ ವಿದ್ಯುತ್ ಯಂತ್ರವನ್ನು ಕಂಡು, ತಮ್ಮಂಥವರ ಬುದ್ಧಿಗೆ ನಿಲುಕದ ಸಂಗತಿಗಳಿವು ಎಂದು ಒಪ್ಪಿಕೊಂಡ. ಮಣ್ಣು ಸಾಗಿಸುವ ಕೈಗಾಡಿಯಂಥ ಚಿಕ್ಕ ಸಲಕರಣೆ ಕೂಡ ಆತನ ಗಮನದಿಂದ ತಪ್ಪಿಸಿಕೊಳ್ಳಲಿಲ್ಲ. ಆದರೆ 1798ರ ನವೆಂಬರಿನಲ್ಲಿ ಎಜ್ಬೆಕಿಯಾ ಮೈದಾನದಿಂದ ಫ್ರೆಂಚರು ಹಾರಿಸಿದ ಬಿಸಿಗಾಳಿಯ ಬಲೂನು ಸ್ವಲ್ಪದರಲ್ಲೇ ಕೆಳಗೆ ಬಿದ್ದಾಗ, ಅದನ್ನು ಹಬ್ಬ ಮದುವೆಗಳಲ್ಲಿ ಆಳುಗಳು ಹಾರಿಸುವ ಗಾಳಿಪಟಕ್ಕೆ ಹೋಲಿಸಿ ನಕ್ಕ. ಎಲ್ಲಿ ಬೆರಗಾಗಬೇಕು, ಎಲ್ಲಿ ನಗಬೇಕು ಎಂಬ ಆಯ್ಕೆ ಇನ್ನೂ ಆತನದೇ ಆಗಿತ್ತು.

ಈ ವಿವೇಚನೆಯ ಅತ್ಯಂತ ಗಂಭೀರ ರೂಪ ಕಾಣುವುದು ಸೇನಾಪತಿ ಕ್ಲೇಬರನ ಕೊಲೆಯ ವಿಚಾರಣೆಯನ್ನು ಕುರಿತ ಭಾಗದಲ್ಲಿ. 1800ರ ಜೂನ್ 14ರಂದು ಅಲೆಪ್ಪೋದ ಯುವಕ ಸುಲೈಮಾನ್ ಅಲ್-ಹಲಬಿ ಕ್ಲೇಬರನನ್ನು ಇರಿದು ಕೊಂದ. ಫ್ರೆಂಚರು ವಿಚಾರಣೆ ನಡೆಸಿ, ಅದರ ಕಡತಗಳನ್ನು ಅರಬ್ಬಿಯಲ್ಲಿಯೂ ಮುದ್ರಿಸಿ ಹಂಚಿದರು. ಜಬರ್ತಿಯ ಕೊನೆಯ ಹಾಗೂ ಬೃಹತ್ ಕೃತಿ ‘ಅಜಾಯಿಬ್ ಅಲ್-ಆಸಾರ್’ನಲ್ಲಿ ಈ ಕಡತಗಳು ಸೇರಿವೆ. ಇವುಗಳ ಅರಬ್ಬಿ ಕೆಟ್ಟದಾಗಿದೆ ಎಂಬ ಆಕ್ಷೇಪವನ್ನು ಆತ ಇಲ್ಲಿಯೂ ಬಿಡುವುದಿಲ್ಲ. ಆದರೂ ಅವುಗಳನ್ನು ಸೇರಿಸುತ್ತಾನೆ; ಕಾರಣ, ಮತವನ್ನು ಒಪ್ಪದ, ಬುದ್ಧಿಯನ್ನೇ ನೆಚ್ಚಿದ ಈ ಜನ, ತಮ್ಮ ಸೇನಾಪತಿಯನ್ನು ಕೊಂದವನು ಕೈಗೆ ಸಿಕ್ಕಾಗಲೂ ಅವನನ್ನು ಒಡನೆಯೇ ಕೊಲ್ಲದೆ ವಿಚಾರಿಸಿದರು. ಇಸ್ಲಾಮಿನ ಯೋಧರೆಂದು ಹೇಳಿಕೊಳ್ಳುವ ಆಟೋಮನ್ ಸೈನಿಕರು ವಿಚಾರಣೆಯಿಲ್ಲದೆ ಜನರನ್ನು ಕೊಲ್ಲುವುದನ್ನು ಇದರ ಎದುರಿಗಿಟ್ಟು ಆತ ಹೋಲಿಸುತ್ತಾನೆ. 1798ರಲ್ಲಿ ಭಾಷಾದೋಷವೇ ಬರೆದವನನ್ನು ಅನರ್ಹಗೊಳಿಸಿತ್ತು. ಈಗ ದೋಷ ಹಾಗೆಯೇ ಉಳಿದಿದೆ. ಆದರೆ ಅದರಾಚೆಗಿನ ಅರ್ಥವನ್ನು ಓದಲು ಆತ ಸಿದ್ಧನಾಗಿದ್ದಾನೆ. ಆ ವಿಚಾರಣೆ ಶೂಲದಲ್ಲಿ ಕೊನೆಗೊಂಡಿತೆಂಬುದನ್ನೂ ಶಿಕ್ಷೆಗೆ ಮೊದಲು ಅಪರಾಧಿಯ ಕೈಯನ್ನು ಸುಡಲಾಯಿತೆಂಬುದನ್ನೂ ಮರೆಯುವಂತಿಲ್ಲ.

ಮೂರು ವೃತ್ತಾಂತಗಳ ನಡುವಿನ ವ್ಯತ್ಯಾಸವನ್ನು ಕೇವಲ ಬೌದ್ಧಿಕ ವಿಕಾಸವೆಂದು ವಿವರಿಸುವುದು ಸರಿಯಾಗಲಾರದು. ಜನರಲ್ ಮೆನೂನ ಕಾಲದಲ್ಲಿ ಜಬರ್ತಿ ಫ್ರೆಂಚರ ದಿವಾನಿನ ಸದಸ್ಯನಾಗಿದ್ದ. 1801ರಲ್ಲಿ ಫ್ರೆಂಚರು ನಿರ್ಗಮಿಸಿ ಆಟೋಮನ್ನರು ಮರಳಿದಾಗ ಬರೆದ ಎರಡನೆಯ ವೃತ್ತಾಂತ ಆಟೋಮನ್ ವಜೀರನಿಗೆ ಅರ್ಪಿತವಾಗಿದೆ. ಅಲ್ಲಿ ಫ್ರೆಂಚರ ನಿಂದೆ ಜೋರಾಗಿದೆ. ಆಟೋಮನ್ನರ ಆಳ್ವಿಕೆಯನ್ನು ಮತ್ತೆ ಉಂಡ ಮೇಲೆ ಬರೆದ ಮೂರನೆಯದರಲ್ಲಿ ತೂಕ ಬದಲಾಗಿದೆ. ಆಳುವವರು ಬದಲಾದಂತೆ ವಸಾಹತು ಅನುಭವದ ನೆನಪೂ ಬದಲಾಗುತ್ತದೆ. ಹೀಗಾಗಿ ಯಾವುದಾದರೂ ಒಂದು ವೃತ್ತಾಂತವನ್ನು ಮಾತ್ರ ಎತ್ತಿಕೊಂಡು ಅದನ್ನೇ ಸ್ಥಳೀಯರ ದನಿ ಎಂದು ಕರೆಯುವುದು ಅಪಾಯಕರ.

ಮತ್ತೊಂದು ಪ್ರಶ್ನೆ ಉಳಿಯುತ್ತದೆ. ಘೋಷಣಾಪತ್ರದ ಅರಬ್ಬಿ ತಪ್ಪಾಗಿತ್ತು. ಆದರೂ ಮೂರು ವರ್ಷ ಫ್ರೆಂಚರ ಆಳ್ವಿಕೆ ನಡೆಯಿತು. ಆಳಲು ಜ್ಞಾನ ಬೇಕು, ಆದರೆ ಆ ಜ್ಞಾನ ಸರಿಯಾಗಿರಬೇಕೆಂಬ ನಿಯಮವಿಲ್ಲ ಎಂಬುದನ್ನು ಜಬರ್ತಿಯ ಟೀಕೆ ಅರಿವಿಲ್ಲದೆಯೇ ಹೊರಗೆಡಹುತ್ತದೆ. ಪೌರಸ್ತ್ಯವಾದದ ಜ್ಞಾನವನ್ನು ಸರ್ವಸಮರ್ಥವೆಂಬಂತೆ ಚಿತ್ರಿಸುವ ವಿಮರ್ಶೆ ಗಮನಿಸಬೇಕಾದ ಅಂಶವಿದು. ಫ್ರೆಂಚರ ಪತ್ರ ಅಚ್ಚಾಗಿ ಊರೂರಿಗೆ ಹರಡಿತು; ಅದರ ತಪ್ಪುಗಳನ್ನು ತೋರಿಸಿದ ಬರಹ ಹಸ್ತಪ್ರತಿಯಾಗಿಯೇ ಉಳಿಯಿತು.

ಅತ್ತಾರನ ಶಿಷ್ಯ ರಿಫಾ ಅಲ್-ತಹ್ತಾವಿ 1826ರಲ್ಲಿ ಪ್ಯಾರಿಸ್ಸಿಗೆ ಹೋಗಿ ಐದು ವರ್ಷಗಳ ನಂತರ ಹಿಂದಿರುಗಿದ. 1834ರಲ್ಲಿ ಆ ಪ್ರವಾಸದ ಕಥನವನ್ನು ಪ್ರಕಟಿಸಿ, ಫ್ರೆಂಚ್ ಕೃತಿಗಳ ಅನುವಾದಕ್ಕೆ ತನ್ನ ಬಾಳನ್ನು ಮುಡಿಪಿಟ್ಟ. ಈಜಿಪ್ಟಿನ ಹೊಸ ಅಧಿಪತಿ ಮಹಮ್ಮದ್ ಅಲಿಯನ್ನು ಕಟುವಾಗಿ ಟೀಕಿಸಿದ್ದ ‘ಅಜಾಯಿಬ್’ಗೆ ಮಾತ್ರ ಆತನ ವಂಶದವರ ಆಳ್ವಿಕೆಯಲ್ಲಿ ಬಹುಕಾಲ ಅಚ್ಚಿನ ಭಾಗ್ಯವಿರಲಿಲ್ಲ. ಅದು ಪೂರ್ಣವಾಗಿ ಬೂಲಾಕ್ ಮುದ್ರಣಾಲಯದಿಂದ ಹೊರಬಂದದ್ದು 1879–80ರಲ್ಲಿ. 1882ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಕೈರೋವನ್ನು ಪ್ರವೇಶಿಸಿತು.