ಮೊಣಕಾಲಿನ ಮಾತ್ರೆ ಮತ್ತು ರಕ್ತದ ಕಿರುಬಿಲ್ಲೆ

ಡೆಂಗಿ ಜ್ವರದ ದೆಸೆಯಿಂದ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬ ಪ್ರಶ್ನೆ ಇಂದು ಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ಪ್ಲೇಟ್‌ಲೆಟ್ ಎಂದರೆ ರಕ್ತದ ಕಿರುಬಿಲ್ಲೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಆದರೆ ಎಣಿಕೆ ಸರಿಯಿದ್ದ ಮಾತ್ರಕ್ಕೆ ಅವು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿವೆ ಎಂದು ಹೇಳಲಾಗದು. ಆಸ್ಪಿರಿನ್ ನುಂಗಿದವರಲ್ಲಿ ಎಣಿಕೆ ಕುಗ್ಗುವುದಿಲ್ಲ. ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವ ಶಕ್ತಿ ಮಾತ್ರ ಕುಗ್ಗುತ್ತದೆ.

ರಕ್ತನಾಳಕ್ಕೆ ಗಾಯವಾದಾಗ ಎಡಿಪಿ ಎಂಬ ರಾಸಾಯನಿಕ ಹೊರಬೀಳುತ್ತದೆ. ಅದು ಕಿರುಬಿಲ್ಲೆಯ ಮೈಮೇಲಿನ ಗ್ರಾಹಕಗಳಿಗೆ ತಾಕಿದೊಡನೆ ಬಿಲ್ಲೆಗಳು ಆಕಾರ ಬದಲಿಸಿ, ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಸೇತುವೆಯಾಗಿಸಿಕೊಂಡು ಗುಂಪುಗೂಡಿ ಗಾಯದ ಬಾಯಿ ಮುಚ್ಚುತ್ತವೆ.

ಚಿಂಚಲಿಯ ಸುತ್ತಮುತ್ತಲಿನ ಕಬ್ಬಿನ ಸೀಮೆಯಲ್ಲಿ ಸಕ್ಕರೆಯ ಪರಿಚಯ ಯಾರಿಗೂ ಬೇಕಿಲ್ಲ. ಗ್ಲೂಕೋಸಿನ ಒಂದು ಹೈಡ್ರಾಕ್ಸಿಲ್ ಗುಂಪಿನ ಸ್ಥಾನದಲ್ಲಿ ಸಾರಜನಕವುಳ್ಳ ಅಮೈನೋ ಗುಂಪು ಬಂದರೆ ಅದೇ ಗ್ಲುಕೋಸಮೈನ್ ಎಂಬ ಅಮೈನೋ ಸಕ್ಕರೆ. ಏಡಿ, ಸಿಗಡಿಗಳ ಚಿಪ್ಪಿನಿಂದ ಇದನ್ನು ತೆಗೆಯುತ್ತಾರೆ. ಮೊಣಕಾಲು ನೋವಿಗೆಂದು ದಿನಕ್ಕೆ 1,500 ಮಿಲಿಗ್ರಾಂ ಪ್ರಮಾಣದಲ್ಲಿ ಸೇವಿಸುವುದು ರೂಢಿ. ಹೊರೆ ಹೊತ್ತು ಸವೆದ ಕಾಲುಗಳಿಗೆ ಇದು ನಿರುಪದ್ರವಿ ‘ಶಕ್ತಿ ಮಾತ್ರೆ’ ಎಂಬ ಭಾವನೆಯೂ ಇದೆ.

2004ರಲ್ಲಿ ಜಪಾನಿನ ಸಂಶೋಧಕರು, ಮನುಷ್ಯರ ಕಿರುಬಿಲ್ಲೆಗಳಿಗೆ ಗ್ಲುಕೋಸಮೈನ್ ಸೇರಿಸಿದಾಗ ಎಡಿಪಿಯ ಪ್ರಚೋದನೆಯಿಂದ ಅವು ಗುಂಪುಗೂಡುವುದು ತಗ್ಗಿತೆಂದು ಪ್ರಕಟಿಸಿದರು. ಇದು ಪ್ರಯೋಗಾಲಯದ ಫಲಿತಾಂಶ. ಮಾತ್ರೆ ನುಂಗಿದವರೆಲ್ಲರಿಗೂ ರಕ್ತಸ್ರಾವವಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ವಾರ್ಫರಿನ್ ಸೇವಿಸುವವರಲ್ಲಿ ಗ್ಲುಕೋಸಮೈನ್ ಜೊತೆಗೂಡಿದಾಗ ರಕ್ತ ಹೆಪ್ಪುಗಟ್ಟುವ ಅವಧಿ ಹೆಚ್ಚಿದ ವರದಿಗಳು ಹಲವು ದೇಶಗಳಿಂದ ಬಂದಿವೆ.

ಇದೇ ಸಕ್ಕರೆಗೆ ದೇಹದಲ್ಲಿ ಇನ್ನೊಂದು ಕೆಲಸವಿದೆ. ಜೀವಕೋಶವು ಅದನ್ನು ಮಾರ್ಪಡಿಸಿ ಪ್ರೋಟೀನುಗಳಿಗೆ ಜೋಡಿಸುತ್ತದೆ. ಹೀಗೆ ಸಕ್ಕರೆ ಜೋಡಿಸುವುದೇ ಗ್ಲೈಕೋಸಿಲೀಕರಣ. ಜೀವಕೋಶಗಳಿಗೆ ಗ್ಲುಕೋಸಮೈನನ್ನು ಅತಿಯಾಗಿ ಉಣಿಸಿದರೆ ಈ ಜೋಡಣೆಯ ಕ್ರಮ ಏರುಪೇರಾಗುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಮಾತ್ರೆಯಿಂದ ರಕ್ತಕ್ಕೆ ಸೇರುವ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಕಿರುಬಿಲ್ಲೆಯ ಮೈಯೂ ಇಂತಹ ಸಕ್ಕರೆ ಸರಪಳಿಗಳಿಂದ ತುಂಬಿದೆ. ಬಿಲ್ಲೆಗಳನ್ನು ತಂಪಿನಲ್ಲಿಟ್ಟರೆ ಮೇಲ್ಮೈಯ ಪ್ರೋಟೀನುಗಳು ಒತ್ತಾಗಿ ಸೇರಿ, ಅವುಗಳ ಮೇಲಿನ ಅಮೈನೋ ಸಕ್ಕರೆಯನ್ನು ಯಕೃತ್ತಿನ ಕೋಶಗಳು ಗುರುತಿಸಿ, ಅಂತಹ ಬಿಲ್ಲೆಗಳನ್ನು ಬೇಗನೆ ನುಂಗಿಹಾಕುತ್ತವೆ. ರಕ್ತನಿಧಿಯಲ್ಲಿ ಕೆಂಪು ರಕ್ತ ಫ್ರಿಜ್ಜಿನಲ್ಲಿದ್ದರೂ ಕಿರುಬಿಲ್ಲೆಯ ಚೀಲ ಮಾತ್ರ 20–24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡುತ್ತಲೇ ಇರುತ್ತದೆ, ಅದೂ ಸಾಮಾನ್ಯವಾಗಿ ಐದೇ ದಿನ. ತುರ್ತಿನಲ್ಲಿ ರಕ್ತದಾನಿಗಳಿಗಾಗಿ ಅಲೆಯುವ ಕುಟುಂಬಗಳಿಗೆ ಈ ಐದು ದಿನಗಳ ಬೆಲೆ ಗೊತ್ತು.

ಇಷ್ಟಕ್ಕೂ ನೋವಿಗೆ ಈ ಮಾತ್ರೆಯ ಫಲವೆಷ್ಟು? ಅಮೆರಿಕದಲ್ಲಿ ಮೊಣಕಾಲು ಸವೆತದ 1,583 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗ್ಲುಕೋಸಮೈನ್, ಒಟ್ಟಾರೆಯಾಗಿ, ಔಷಧವಿಲ್ಲದ ಹುಸಿ ಮಾತ್ರೆಗಿಂತ ಗಣನೀಯವಾಗಿ ಮೇಲೆನಿಸಲಿಲ್ಲ.

ಹೃದ್ರೋಗ ಅಥವಾ ಪಾರ್ಶ್ವವಾಯುವಿನ ಕಾರಣ ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಸೇವಿಸುವವರು ವೈದ್ಯರನ್ನು ಕೇಳದೆ ಗ್ಲುಕೋಸಮೈನ್ ಆರಂಭಿಸಬಾರದು. ಹಾಗೆಂದು ವೈದ್ಯರು ಬರೆದುಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಲೂಬಾರದು. ಸಿಗಡಿ, ಏಡಿ ಒಗ್ಗದವರು ಆ ಸಂಗತಿಯನ್ನು ಮೊದಲೇ ತಿಳಿಸತಕ್ಕದ್ದು. ಹಲ್ಲು ಕೀಳಿಸುವಾಗ, ಶಸ್ತ್ರಚಿಕಿತ್ಸೆಗೆ ಮುನ್ನ, ಹಾಗೂ ಜ್ವರವೆಂದು ಆರೋಗ್ಯ ಕೇಂದ್ರಕ್ಕೆ ಹೋದಾಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನು, ಮೊಣಕಾಲಿನ ಮಾತ್ರೆಯದ್ದನ್ನೂ ಸೇರಿಸಿ, ಜೊತೆಗೆ ಒಯ್ದು ತೋರಿಸತಕ್ಕದ್ದು.